ಮ್ಯೂನಿಕ್‌ನಿಂದ ಕಾರಿನಲ್ಲಿ ಇಬ್ಬರೇ: ಆಲ್ಪ್ಸ್ ಕೋಟೆಗಳು, ಬೆಟ್ಟದ ರಸ್ತೆ, ಹಳೇ ಪಟ್ಟಣ. 10 ರಾತ್ರಿಯ ಈ ಮಾರ್ಗ ಸರಿಯೇ?

ಬಸವನಗುಡಿ_ಇಬ್ಬರು ಕೇಳಿದ್ದು:

ನಮಸ್ಕಾರ. ಸೆಪ್ಟೆಂಬರ್ ಎರಡನೇ ವಾರ ನಾನೂ ನನ್ನ ಹೆಂಡತಿಯೂ ಬೆಂಗಳೂರಿನಿಂದ ಮ್ಯೂನಿಕ್‌ಗೆ ಹೊರಡುತ್ತೇವೆ. ಮ್ಯೂನಿಕ್ ವಿಮಾನ ನಿಲ್ದಾಣದಲ್ಲಿ ಬಾಡಿಗೆ ಕಾರು ತೆಗೆದುಕೊಂಡು ಅಲ್ಲಿಯೇ ವಾಪಸ್ ಕೊಡುವ ಯೋಚನೆ. ಸದ್ಯದ ಮಾರ್ಗ: ಮ್ಯೂನಿಕ್ 2 ರಾತ್ರಿ, ಫ್ಯೂಸನ್ 1, ಇನ್ಸ್‌ಬ್ರುಕ್ 1, ಡಾಲಮೈಟ್ಸ್ 1, ವೆನಿಸ್ 2, ಹಾಲ್‌ಷ್ಟಾಟ್ 1, ಸಾಲ್ಜ್‌ಬರ್ಗ್ 1, ಕೊನೆಗೆ ಮ್ಯೂನಿಕ್ 1.

ಇಬ್ಬರಿಗೂ ಇಷ್ಟ ಕೋಟೆ, ಬೆಟ್ಟದ ರಸ್ತೆ, ಹಳೇ ಊರಿನ ಬೀದಿ ಸುತ್ತುವುದು. ದೊಡ್ಡ ನಗರ, ಶಾಪಿಂಗ್ ಬೇಡ. ಇಬ್ಬರಿಗೂ ಡ್ರೈವಿಂಗ್ ಬರುತ್ತದೆ, ಘಾಟಿ ಅಭ್ಯಾಸವೂ ಇದೆ. ಬಲಬದಿಯ ಸಂಚಾರ ಮಾತ್ರ ಹೊಸದು. ಸಸ್ಯಾಹಾರಿಗಳು, ಮೊಟ್ಟೆ ನಡೆಯುತ್ತದೆ. ವೀಸಾಗೆ ಇನ್ನೂ ಅರ್ಜಿ ಹಾಕಿಲ್ಲ, ಹೋಟೆಲ್ ಬುಕ್ ಮಾಡಿಲ್ಲ. ಮಾರ್ಗ ಬದಲಿಸಬೇಕಿದ್ದರೆ ಈಗಲೇ ಹೇಳಿ. ಟೋಲ್ ವ್ಯವಸ್ಥೆ ಓದಿದಷ್ಟೂ ಗೊಂದಲವಾಗುತ್ತಿದೆ, ಅದನ್ನೂ ಬಿಡಿಸಿ ಹೇಳಿದರೆ ಉಪಕಾರ.

ಇಸಾರ್_ದಂಡೆ ಉತ್ತರ:

ಸರ್, ಮೊದಲು ವೆನಿಸ್ ಕೈಬಿಡಿ. ಅಲ್ಲಿ ಕಾರು ಊರ ಬಾಗಿಲಲ್ಲೇ ನಿಂತಿರುತ್ತದೆ, ಎರಡು ದಿನದ ಬಾಡಿಗೆ, ಪಾರ್ಕಿಂಗ್ ದುಡ್ಡು ಎರಡೂ ದಂಡ. ಹೋಗಿ ಬರುವುದಕ್ಕೇ ಹೆಚ್ಚುಕಡಿಮೆ ಒಂದು ದಿನ ಬೇಕು. ವೆನಿಸ್‌ಗೆ ಇನ್ನೊಮ್ಮೆ ರೈಲಿನಲ್ಲಿ ಹೋಗಿ. ಒಂದೊಂದೇ ರಾತ್ರಿಯ ತಂಗುವಿಕೆಯನ್ನೂ ಕಡಿಮೆ ಮಾಡಿ. ಬೆಳಿಗ್ಗೆ ಪೆಟ್ಟಿಗೆ ಕಟ್ಟಿ 10 ಗಂಟೆಗೆ ಹೊರಟು, ಮಧ್ಯಾಹ್ನ ಇನ್ನೊಂದು ಊರಿನಲ್ಲಿ ಪಾರ್ಕಿಂಗ್ ಹುಡುಕುವಷ್ಟರಲ್ಲಿ ಕೋಟೆಯ ಕೊನೆಯ ಪ್ರವೇಶದ ಹೊತ್ತು ದಾಟಿರುತ್ತದೆ. ಈ ಭಾಗದ ಕೋಟೆಗಳು ಸಂಜೆ 5ರ ಆಸುಪಾಸಿಗೆ ಮುಚ್ಚುತ್ತವೆ. ಹಲವು ಕಡೆ ಮಾರ್ಗದರ್ಶಿಯ ಜತೆ, ನಿಗದಿತ ಸಮಯಕ್ಕೆ ಮಾತ್ರ ಒಳಗೆ ಬಿಡುವುದು.

ನಾನಾದರೆ ಹೀಗೆ ಹಾಕುತ್ತೇನೆ: ಫ್ರೈಸಿಂಗ್ 1, ಫ್ಯೂಸನ್ 2, ಹಾಲ್ ಇನ್ ಟಿರೋಲ್ 2, ಬ್ರಿಕ್ಸನ್ 2, ಹೈಲಿಗೆನ್‌ಬ್ಲುಟ್ 1, ಸಾಲ್ಜ್‌ಬರ್ಗ್ 2. ಮುಖ್ಯ ರಸ್ತೆ ಸುಮಾರು 800 ಕಿ.ಮೀ., ಅಡ್ಡದಾರಿಗಳು ಸೇರಿದರೆ 1,000 ಆದೀತು. ಯಾವ ದಿನವೂ ಮೂರು ಗಂಟೆಗಿಂತ ಹೆಚ್ಚು ಸ್ಟಿಯರಿಂಗ್ ಹಿಡಿಯಬೇಕಿಲ್ಲ, ಗ್ಲಾಕ್ನರ್ ಬೆಟ್ಟದ ರಸ್ತೆ ದಾಟುವ ದಿನ ಒಂದನ್ನು ಬಿಟ್ಟು.

ಮೊದಲ ರಾತ್ರಿ ಮ್ಯೂನಿಕ್ ಬದಲು ಫ್ರೈಸಿಂಗ್ ಹೇಳುವುದಕ್ಕೆ ಕಾರಣವಿದೆ. ರಾತ್ರಿಯೆಲ್ಲ ವಿಮಾನದಲ್ಲಿ ಕೂತು ಬಂದವರು ಬಲಬದಿಯ ಡ್ರೈವಿಂಗನ್ನು ಮಹಾನಗರದಲ್ಲಿ ಶುರುಮಾಡಬಾರದು. ವಿಮಾನ ನಿಲ್ದಾಣದಿಂದ ಕಾಲು ಗಂಟೆ ದೂರದಲ್ಲಿ ಗುಡ್ಡದ ಮೇಲೆ ಕ್ಯಾಥೆಡ್ರಲ್ ಇರುವ ಹಳೇ ಪಟ್ಟಣ ಅದು. ಜತೆಗೆ ಮ್ಯೂನಿಕ್‌ನ ಅಕ್ಟೋಬರ್‌ಫೆಸ್ಟ್ ಶುರುವಾಗುವುದು ಸೆಪ್ಟೆಂಬರ್ ಮಧ್ಯದ ನಂತರದ ಶನಿವಾರ. ಆಗ ನಗರದ ಹೋಟೆಲ್ ದರ ಎರಡು ಮೂರು ಪಟ್ಟು ಏರುತ್ತದೆ. ನೀವು ಮರಳುವ ದಿನಗಳು ಅದರೊಳಗೆ ಬೀಳುವ ಸಂಭವವಿರುವುದರಿಂದ ಕೊನೆಯ ರಾತ್ರಿಯೂ ಸಾಲ್ಜ್‌ಬರ್ಗ್‌ನಲ್ಲೇ ಇರಲಿ. ಅಲ್ಲಿಂದ ಮ್ಯೂನಿಕ್ ವಿಮಾನ ನಿಲ್ದಾಣ ಎರಡು ಗಂಟೆಯ ದಾರಿ. ಗಡಿಯಲ್ಲಿ ವಾಲ್ಸರ್‌ಬರ್ಗ್ ಬಳಿ ಜರ್ಮನ್ ಪೊಲೀಸರ ತಪಾಸಣೆಯಿಂದ ಸಾಲು ನಿಲ್ಲುತ್ತದೆ, ಹಾಗಾಗಿ ನಾಲ್ಕು ಗಂಟೆ ಇಟ್ಟುಕೊಳ್ಳಿ. ಬೆಳಗಿನ ವಿಮಾನವಾದರೆ ಮಾತ್ರ ಕೊನೆಯ ರಾತ್ರಿಯನ್ನು ಫ್ರೈಸಿಂಗ್‌ಗೆ ಬದಲಿಸಿ.

ಫ್ಯೂಸನ್‌ಗೆ ಹೋಗುವಾಗ ಷ್ಟೈನ್‌ಗಾಡನ್ ಹತ್ತಿರದ ವೀಸ್ ಚರ್ಚ್ ಬಿಡಬೇಡಿ. ಹೊರಗಿನಿಂದ ಹುಲ್ಲುಗಾವಲ ನಡುವಿನ ಸಾದಾ ಕಟ್ಟಡ. ಒಳಗೆ ಕಾಲಿಟ್ಟರೆ ಡೊಮಿನಿಕುಸ್ ಝಿಮರ್‌ಮಾನ್ ಮತ್ತು ಅವನ ಅಣ್ಣ ಯೋಹಾನ್ ಬ್ಯಾಪ್ಟಿಸ್ಟ್ 1745ರಿಂದ 1754ರವರೆಗೆ ಕಟ್ಟಿ ಚಿತ್ರಿಸಿದ, ರೊಕೊಕೊ ಶೈಲಿಯ ಅಲಂಕಾರದ ಲೋಕ. ಅರ್ಧ ಗಂಟೆ ಸಾಕು, ಆದರೆ ಪ್ರಾರ್ಥನೆಯ ಹೊತ್ತಿನಲ್ಲಿ ಪ್ರವಾಸಿಗರಿಗೆ ಪ್ರವೇಶವಿಲ್ಲ.

ಫ್ಯೂಸನ್‌ನಿಂದ ಇನ್ಸ್‌ಬ್ರುಕ್ ಕಡೆಗೆ ನಕ್ಷೆ ಆ್ಯಪ್ ಫೆರ್ನ್ ಕಣಿವೆದಾರಿ ತೋರಿಸುತ್ತದೆ. ಶನಿವಾರಗಳಲ್ಲಿ ಅದು ಕಟ್ಟಿಕೊಂಡಿರುತ್ತದೆ. ಅದರ ಬದಲು ರಾಯ್ಟೆ, ಪ್ಲಾನ್‌ಸೇ ಸರೋವರ, ಅಮರ್‌ಸಾಟಲ್ ದಾಟಿ ಲಿಂಡರ್‌ಹೋಫ್ ಅರಮನೆಗೆ ಬನ್ನಿ. ಟೋಲ್ ಇಲ್ಲ, ನೀರಿನ ಅಂಚಿನಲ್ಲೇ ರಸ್ತೆ. ಅಲ್ಲಿಂದ ಎಟಾಲ್ ಮಠ, ಗಾರ್ಮಿಷ್, ಗೋಡೆಗಳ ಮೇಲೆ ಚಿತ್ರ ಬರೆದ ಮನೆಗಳ ಮಿಟನ್‌ವಾಲ್ಡ್, ಝೇಫೆಲ್ಡ್, ಕೊನೆಗೆ ಝಿರ್ಲರ್‌ಬರ್ಗ್ ಇಳಿಜಾರು.

ಇನ್ಸ್‌ಬ್ರುಕ್‌ನಲ್ಲೇ ತಂಗುವುದಕ್ಕಿಂತ 10 ಕಿ.ಮೀ. ಪೂರ್ವಕ್ಕಿರುವ ಹಾಲ್ ಚೆನ್ನ. ಉಪ್ಪಿನ ವ್ಯಾಪಾರದಿಂದ ಬೆಳೆದ ಊರು, ಹಾಸೆಗ್ ಕೋಟೆಯ ಟಂಕಸಾಲೆಯಲ್ಲಿ 1486ರಲ್ಲಿ ದೊಡ್ಡ ಬೆಳ್ಳಿ ನಾಣ್ಯ ಅಚ್ಚಾಯಿತು, ಮುಂದೆ ಥಾಲರ್ ಎನಿಸಿಕೊಂಡ ನಾಣ್ಯಗಳಿಗೆ ಅದೇ ಮಾದರಿ. ಕಾರು ಅಲ್ಲೇ ಬಿಟ್ಟು ಲೋಕಲ್ ರೈಲಿನಲ್ಲಿ ಇನ್ಸ್‌ಬ್ರುಕ್‌ಗೆ ಹೋಗಿ: ಚಕ್ರವರ್ತಿ ಒಂದನೇ ಮ್ಯಾಕ್ಸಿಮಿಲಿಯನ್ ಕಾಲದ ಚಿನ್ನದ ಮಾಡು, ಅಂಬ್ರಾಸ್ ಕೋಟೆಯ ಸ್ಪ್ಯಾನಿಷ್ ಸಭಾಂಗಣ, ಊರ ಮಧ್ಯದಿಂದಲೇ ಹೊರಟು ಹಾಫೆಲೆಕಾರ್ ನಿಲ್ದಾಣದ 2,269 ಮೀ. ಎತ್ತರಕ್ಕೆ ಒಯ್ಯುವ ನಾರ್ಡ್‌ಕೆಟೆ ಕೇಬಲ್ ಕಾರ್. ಮೋಡ ಇದ್ದರೆ ಕೇಬಲ್ ಕಾರ್ ಬಿಟ್ಟು ಅಂಬ್ರಾಸ್‌ಗೆ ಹೋಗಿ.

ಬ್ರಿಕ್ಸನ್ ಇಟಲಿಯಲ್ಲಿದ್ದರೂ ಜನ ಆಡುವುದು ಹೆಚ್ಚಾಗಿ ಜರ್ಮನ್. ಕ್ಯಾಥೆಡ್ರಲ್ ಪಕ್ಕದ ಹಜಾರದ ಭಿತ್ತಿಚಿತ್ರಗಳಲ್ಲಿ ಒಂದು ಆನೆಯಿದೆ, ಮೈಯೆಲ್ಲ ಕುದುರೆಯದು, ಸೊಂಡಿಲು ಮಾತ್ರ ಆನೆಯದು. ನಿಜವಾದ ಆನೆ ಈ ಊರಿಗೆ ಬಂದದ್ದು 1551ರ ಚಳಿಗಾಲದಲ್ಲಿ: ವಿಯೆನ್ನಾಕ್ಕೆ ನಡೆಸಿಕೊಂಡು ಹೋಗುತ್ತಿದ್ದ ಸೋಲಿಮನ್. ಬ್ರಿಕ್ಸನ್‌ನಿಂದ ಒಂದು ದಿನ ಡಾಲಮೈಟ್ಸ್‌ಗೆ ಇಡಿ. ಝೈಸರ್ ಆಲ್ಮ್ ಹುಲ್ಲುಗಾವಲಿಗೆ ಬೆಳಿಗ್ಗೆ 9ರಿಂದ ಸಂಜೆ 5ರವರೆಗೆ ಹೊರಗಿನ ಕಾರುಗಳನ್ನು ಬಿಡುವುದಿಲ್ಲ, ಝೈಸ್ ಊರಿನಲ್ಲಿ ನಿಲ್ಲಿಸಿ ಕೇಬಲ್ ಕಾರ್ ಹತ್ತಬೇಕು. ಬ್ರೈಸ್ ಸರೋವರಕ್ಕೂ ಬೇಸಿಗೆಯ ತಿಂಗಳುಗಳಲ್ಲಿ ಮುಂಗಡ ಪಾರ್ಕಿಂಗ್ ಇಲ್ಲದೆ ಹಗಲಲ್ಲಿ ಕಾರು ಹೋಗದು. ಈ ನಿರ್ಬಂಧ ಸಾಮಾನ್ಯವಾಗಿ ಸೆಪ್ಟೆಂಬರ್ 10ರ ಸುಮಾರಿಗೆ ಮುಗಿಯುತ್ತದೆ, ನಿಮ್ಮ ದಿನಾಂಕ ಅದರ ಅಂಚಿನಲ್ಲಿರುವುದರಿಂದ ಹೊರಡುವ ಮುನ್ನ ಆ ವರ್ಷದ ನಿಯಮ ನೋಡಿ.

ಎರಡನೇ_ಗೇರ್ ಉತ್ತರ:

ಮಾರ್ಗದ ಬಗ್ಗೆ ಮೇಲಿನವರ ಮಾತಿಗೆ ನನ್ನ ಸಹಮತ. ಟೋಲ್ ಮತ್ತು ಕಾರಿನ ವಿಷಯ ನಾನು ಹೇಳುತ್ತೇನೆ.

ಜರ್ಮನಿಯಲ್ಲಿ ಕಾರಿಗೆ ಟೋಲ್ ಇಲ್ಲ. ಆಸ್ಟ್ರಿಯದಲ್ಲಿ ಎ ಅಕ್ಷರದ ಹೆದ್ದಾರಿಗಳಿಗೆ ವಿನ್ಯೆಟ್ (ಇಂತಿಷ್ಟು ದಿನಕ್ಕೆಂದು ಮುಂಗಡ ಕೊಳ್ಳುವ ರಸ್ತೆ ಪರವಾನಗಿ) ಬೇಕು, ಬಿ ಅಕ್ಷರದ ರಸ್ತೆಗಳಿಗೆ ಬೇಡ. 10 ದಿನದ್ದಕ್ಕೆ 12–13 ಯೂರೋ. ಡಿಜಿಟಲ್ ವಿನ್ಯೆಟ್ ಕಾರಿನ ನಂಬರ್ ಪ್ಲೇಟಿಗೆ ಅಂಟಿಕೊಳ್ಳುತ್ತದೆ, ಹಾಗಾಗಿ ಕಾರು ಕೈಗೆ ಬಂದ ಮೇಲೆಯೇ ಕೊಳ್ಳಲು ಸಾಧ್ಯ. ಹೆದ್ದಾರಿ ಸಂಸ್ಥೆ ಆಸ್‌ಫಿನಾಗ್‌ನ ಸ್ವಂತ ಜಾಲತಾಣ ಅಥವಾ ಆ್ಯಪ್‌ನಲ್ಲೇ ಕೊಳ್ಳಿ. ಹುಡುಕಿದಾಗ ಮೇಲೆ ಬರುವ ಮಧ್ಯವರ್ತಿ ತಾಣಗಳು ಸೇವಾಶುಲ್ಕ ಸೇರಿಸುತ್ತವೆ. ಜನ ಎಡವುವುದು ಎರಡು ಕಡೆ: ದೇಶದ ಜಾಗದಲ್ಲಿ ಜರ್ಮನಿ ಬದಲು ಆಸ್ಟ್ರಿಯ ಆರಿಸುವುದು, ಪ್ಲೇಟಿನ ‘ಓ’ ಅಕ್ಷರಕ್ಕೂ ಸೊನ್ನೆಗೂ ಅದಲು ಬದಲು ಮಾಡುವುದು. ಕ್ಯಾಮೆರಾಗೆ ಅದು ವಿನ್ಯೆಟ್ ಇಲ್ಲದ ಕಾರು, ದಂಡ ನೂರು ಯೂರೋ ಮೀರುತ್ತದೆ, ಮೇಲೆ ಬಾಡಿಗೆ ಕಂಪನಿಯ ನಿರ್ವಹಣಾ ಶುಲ್ಕ. 10 ದಿನದ ವಿನ್ಯೆಟ್ ಶುರುವಾಗುವ ತಾರೀಕನ್ನು ನೀವೇ ಆರಿಸಬಹುದು. ಫ್ಯೂಸನ್, ಪ್ಲಾನ್‌ಸೇ ಭಾಗಕ್ಕೆ ಅದು ಬೇಕಿಲ್ಲ, ಹಾಲ್ ತಲುಪುವ ದಿನದಿಂದ ಹಾಕಿದರೆ ಸಾಲ್ಜ್‌ಬರ್ಗ್ ಬಿಡುವವರೆಗೂ ಬರುತ್ತದೆ.

ಇನ್ಸ್‌ಬ್ರುಕ್‌ನಿಂದ ಬ್ರೆನರ್‌ವರೆಗಿನ ಎ13ಕ್ಕೆ ವಿನ್ಯೆಟ್ ನಡೆಯದು, ಅಲ್ಲಿ ಬೇರೆ ಟೋಲ್, ಸುಮಾರು 12 ಯೂರೋ. ಷೋನ್‌ಬರ್ಗ್ ಗೇಟಿನಲ್ಲಿ ಕಾರ್ಡ್ ಕೊಟ್ಟರಾಯಿತು. ಇದೇ ಹಾದಿಯ ಲೂಯೆಗ್ ಸೇತುವೆಯ ಪುನರ್ನಿರ್ಮಾಣದಿಂದಾಗಿ 2025ರಿಂದ ಹೆಚ್ಚಿನ ದಿನ ಒಂದೊಂದೇ ಪಥ ತೆರೆದಿರುತ್ತದೆ, ಆದ್ದರಿಂದ ಬ್ರೆನರ್ ದಾಟುವುದನ್ನು ವಾರದ ನಡುವಿನ ದಿನಕ್ಕೆ ಇಡಿ. ಪಕ್ಕದ ಹಳೇ ರಸ್ತೆ ಬಿ182 ಪುಕ್ಕಟೆ, ನೋಟವೂ ಚೆನ್ನ. ಆದರೆ ದಟ್ಟಣೆಯ ವಾರಾಂತ್ಯಗಳಲ್ಲಿ ಹೆದ್ದಾರಿಯಿಂದ ಇಳಿದು ಹಳ್ಳಿಗಳ ಮೂಲಕ ಹಾಯುವುದನ್ನು ಆಸ್ಟ್ರಿಯದ ಟಿರೋಲ್ ಪ್ರಾಂತ್ಯದ ಸರ್ಕಾರ ನಿಷೇಧಿಸುತ್ತದೆ. ಆ್ಯಪ್ ಒಳದಾರಿ ತೋರಿಸಿತೆಂದು ಇಳಿಯಬೇಡಿ, ಪೊಲೀಸರು ತಿರುಗಿಸಿ ಕಳಿಸುತ್ತಾರೆ. ಬ್ರೆನರ್ ದಾಟಿದ ಮೇಲೆ ಇಟಲಿಯ ಎ22: ಚೀಟಿ ತೆಗೆದುಕೊಂಡು ಇಳಿಯುವಲ್ಲಿ ದುಡ್ಡು ಕೊಡುವ ಪದ್ಧತಿ. ಹಳದಿ ಫಲಕದ ‘ಟೆಲೆಪಾಸ್’ ಸಾಲಿಗೆ ನುಗ್ಗಬೇಡಿ, ಅದು ಯಂತ್ರ ಅಳವಡಿಸಿದ ಕಾರುಗಳಿಗೆ.

ಇಟಲಿಯ ಹಳೇ ಪಟ್ಟಣಗಳಲ್ಲಿ ಕೆಂಪು ವೃತ್ತದ ಜತೆ ‘ಝಡ್‌ಟಿಎಲ್’ ಎಂದಿದ್ದರೆ ಅದು ನಿರ್ಬಂಧಿತ ವಲಯ. ಕ್ಯಾಮೆರಾ ಪ್ಲೇಟ್ ಓದುತ್ತದೆ, ದಂಡದ ಕಾಗದ ತಿಂಗಳುಗಳ ನಂತರ ಬೆಂಗಳೂರಿನ ಮನೆಗೆ ಬರುತ್ತದೆ. ಹೋಟೆಲ್ ಆ ವಲಯದೊಳಗಿದ್ದರೆ ಮುಂಚೆಯೇ ಪ್ಲೇಟ್ ನಂಬರ್ ಕಳಿಸಿ ನೋಂದಾಯಿಸಲು ಹೇಳಿ.

ಕಾರು: ಇಬ್ಬರಿಗೆ, ಎರಡು ದೊಡ್ಡ ಪೆಟ್ಟಿಗೆಗೆ ಫೋಕ್ಸ್‌ವ್ಯಾಗನ್ ಗಾಲ್ಫ್ ಗಾತ್ರದ್ದು ಸಾಕು. ಎಸ್‌ಯುವಿ ಬೇಡ. ಹಳೇ ಊರುಗಳ ನೆಲಮಾಳಿಗೆ ಪಾರ್ಕಿಂಗ್‌ನ ತಿರುವುಗಳು ಇಕ್ಕಟ್ಟು. ಆಟೋಮ್ಯಾಟಿಕ್ಕೇ ತೆಗೆದುಕೊಳ್ಳಿ, ಎಡಗಡೆ ಕೂತು ಬಲಗೈಯಲ್ಲಿ ಗೇರ್ ಹಾಕುವ ತೊಡಕು ತಪ್ಪುತ್ತದೆ. ಆಸ್ಟ್ರಿಯ, ಇಟಲಿ ಎರಡಕ್ಕೂ ಹೋಗುತ್ತೇವೆಂದು ಕೌಂಟರಿನಲ್ಲಿ ಹೇಳಿ ಒಪ್ಪಂದದಲ್ಲಿ ಬರೆಸಿ, ಇಲ್ಲದಿದ್ದರೆ ಗಡಿಯಾಚೆ ವಿಮೆ ನಿಲ್ಲದೆ ಹೋಗಬಹುದು. ವಿಮೆಯಲ್ಲಿ ಗಾಜು, ಟೈರ್, ರಿಮ್, ಕಾರಿನ ತಳಭಾಗ ಸೇರಿದೆಯೇ ಕೇಳಿ. ಬಲಬದಿಗೆ ಹೊಸಬರು ಕಾರನ್ನು ಅರಿವಿಲ್ಲದೆ ಬಲಕ್ಕೆ ಸರಿಸುತ್ತಾರೆ, ಮೊದಲ ಎರಡು ದಿನ ಫುಟ್‌ಪಾತ್ ಕಲ್ಲಿಗೆ ಉಜ್ಜುವುದು ಬಲಗಡೆಯ ರಿಮ್ಮೇ. ಹೊರಡುವ ಮುನ್ನ ನಾಲ್ಕೂ ಚಕ್ರದ ಫೋಟೋ ತೆಗೆಯಿರಿ. ತ್ರಿಕೋನ, ಪ್ರಥಮ ಚಿಕಿತ್ಸೆ ಪೆಟ್ಟಿಗೆ, ಹೊಳೆಯುವ ಜಾಕೆಟ್ ಕಾರಿನಲ್ಲಿವೆಯೇ ನೋಡಿ. ಜಾಕೆಟ್ ಇಬ್ಬರಿಗೂ ಇರಲಿ, ಡಿಕ್ಕಿಯಲ್ಲಲ್ಲ, ಸೀಟಿನ ಕೈಯಳತೆಯಲ್ಲಿ.

ರಸ್ತೆಯ ಮೇಲೆ ನಾಲ್ಕು ಮಾತು ನೆನಪಿರಲಿ. ಫಲಕವಿಲ್ಲದ ಕೂಡುರಸ್ತೆಯಲ್ಲಿ ಬಲದಿಂದ ಬರುವವರಿಗೆ ಮೊದಲು ದಾರಿ, ಅದು ಗಲ್ಲಿಯಾದರೂ ಸರಿ. ಹೆದ್ದಾರಿಯಲ್ಲಿ ಎಡ ಪಥ ಮುಂದೆ ಹಾಕುವುದಕ್ಕೆ ಮಾತ್ರ, ಹಾಕಿದ ಕೂಡಲೇ ಬಲಕ್ಕೆ ಬನ್ನಿ. ಬಲದಿಂದ ಓವರ್‌ಟೇಕ್ ಮಾಡುವಂತಿಲ್ಲ. ದಟ್ಟಣೆ ನಿಂತಿತೆಂದರೆ ಎಡ ಪಥದವರು ಪೂರ್ತಿ ಎಡಕ್ಕೆ, ಉಳಿದವರು ಬಲಕ್ಕೆ ಸರಿದು ನಡುವೆ ಆಂಬುಲೆನ್ಸ್ ದಾರಿ ಬಿಡಬೇಕು, ಸೈರನ್ ಕೇಳುವ ತನಕ ಕಾಯುವುದಲ್ಲ. ಇನ್ ಕಣಿವೆಯ ಎ12ರಲ್ಲಿ ವಾಯುಮಾಲಿನ್ಯದ ಕಾರಣ ವೇಗಮಿತಿ ಗಂಟೆಗೆ 130 ಕಿ.ಮೀ. ಬದಲು 100 ಇರುವ ಭಾಗಗಳಿವೆ, ಅಲ್ಲಿ ಕ್ಯಾಮೆರಾ ಬಿಗಿ.

ಪಯಣ_ಪುತ್ತೂರು ಉತ್ತರ:

ವೀಸಾ ಬಗ್ಗೆ ಯಾರೂ ಹೇಳಿಲ್ಲ, ಇದನ್ನು ಮೊದಲು ಓದಿ. ಷೆಂಗೆನ್ (ಯೂರೋಪಿನ ಹಲವು ದೇಶಗಳಿಗೆ ಒಂದೇ ವೀಸಾ) ಅರ್ಜಿ ಹಾಕಬೇಕಾದ್ದು ಹೆಚ್ಚು ದಿನ ಉಳಿಯುವ ದೇಶಕ್ಕೆ, ಇಳಿಯುವ ದೇಶಕ್ಕಲ್ಲ. ದಿನಗಳು ಸಮವಾದರೆ ಮಾತ್ರ ಮೊದಲು ಕಾಲಿಡುವ ದೇಶ. ನಿಮ್ಮ ಹಳೇ ಮಾರ್ಗದಲ್ಲಿ ಜರ್ಮನಿ 4 ರಾತ್ರಿ, ಆಸ್ಟ್ರಿಯ 3, ಇಟಲಿ 3. ಹೊಸ ಮಾರ್ಗದಲ್ಲಿ ಆಸ್ಟ್ರಿಯ 5, ಜರ್ಮನಿ 3, ಇಟಲಿ 2. ಈ ಮಾರ್ಗಕ್ಕೆ ಒಪ್ಪಿದರೆ ಅರ್ಜಿ ಆಸ್ಟ್ರಿಯಕ್ಕೆ. ಮೊದಲು ಮಾರ್ಗ ಅಂತಿಮ ಮಾಡಿ, ರದ್ದು ಮಾಡಬಹುದಾದ ಹೋಟೆಲ್ ಬುಕಿಂಗ್ ಹಾಕಿ, ಆಮೇಲೆ ಅಪಾಯಿಂಟ್‌ಮೆಂಟ್ ಹಿಡಿಯಿರಿ. ಪ್ರಯಾಣಕ್ಕೆ ಆರು ತಿಂಗಳ ಮೊದಲಿನಿಂದ ಅರ್ಜಿ ಹಾಕಬಹುದು. ವಿಮೆ ಕನಿಷ್ಠ 30,000 ಯೂರೋ ಮೊತ್ತದ್ದಿರಬೇಕು.

ಡ್ರೈವಿಂಗ್ ಪರ್ಮಿಟ್: ಅಂತರರಾಷ್ಟ್ರೀಯ ಪರ್ಮಿಟ್ಟನ್ನು ಇಬ್ಬರೂ ಮಾಡಿಸಿ. ಸಾರಥಿ ಪೋರ್ಟಲ್‌ನಲ್ಲಿ ನಮೂನೆ 4ಎ, ಶುಲ್ಕ 1,000 ರೂ., ಒಂದು ವರ್ಷ ಮಾನ್ಯ. ಮೂಲ ಲೈಸೆನ್ಸ್ ಕಾರ್ಡ್ ಜತೆಗಿಲ್ಲದೆ ಅದು ನಡೆಯದು, ಬಾಡಿಗೆ ಕೌಂಟರಿನಲ್ಲಿ ಡಿಜಿಲಾಕರ್ ತೋರಿಸಿದರೆ ಒಪ್ಪುವುದಿಲ್ಲ.

ನಮ್ಮ ಕಡೆಯವರಿಗೆ ಇಲ್ಲಿ ಒಂದು ತೊಡಕಿದೆ. ಲೈಸೆನ್ಸ್‌ನಲ್ಲಿ ಹೆಸರಿನ ಮುಂದೆ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅದೇ ಇನಿಷಿಯಲ್ ಬಿಡಿಸಿ ಅಪ್ಪನ ಹೆಸರೋ ಊರ ಹೆಸರೋ, ಕ್ರೆಡಿಟ್ ಕಾರ್ಡಿನಲ್ಲಿ ಮೂರನೇ ರೂಪ. ಬುಕಿಂಗ್, ಲೈಸೆನ್ಸ್, ಕಾರ್ಡ್ ಮೂರರಲ್ಲೂ ಒಂದೇ ವ್ಯಕ್ತಿ ಎಂದು ಕೌಂಟರಿನವರಿಗೆ ಕಾಣಬೇಕು. ಪರ್ಮಿಟ್ ಅರ್ಜಿಯಲ್ಲಿ ಪಾಸ್‌ಪೋರ್ಟ್‌ನಂತೆಯೇ ಹೆಸರು ಬರುವ ಹಾಗೆ ನೋಡಿಕೊಳ್ಳಿ, ಮುಖ್ಯ ಚಾಲಕರ ಹೆಸರಿನದೇ ಕ್ರೆಡಿಟ್ ಕಾರ್ಡ್ ಇರಲಿ. ಠೇವಣಿಗೆ ಡೆಬಿಟ್ ಕಾರ್ಡನ್ನು ಹಲವು ಕಂಪನಿಗಳು ಒಪ್ಪುವುದಿಲ್ಲ. ಮಿತಿ ಕಡಿಮೆಯಿದ್ದರೆ ಬ್ಯಾಂಕಿಗೆ ಹೇಳಿ ಏರಿಸಿಕೊಳ್ಳಿ, ವಿದೇಶಿ ವಹಿವಾಟನ್ನೂ ತೆರೆಸಿ.

ಕಲ್ಲುಕಂಬ ಉತ್ತರ:

ಕೋಟೆಗಳ ಬಗ್ಗೆ. ಫ್ಯೂಸನ್ ಬಳಿಯ ನಾಯ್‌ಶ್ವಾನ್‌ಸ್ಟೈನ್ ನೋಡಲು ಹೋಗುವವರು ಮಧ್ಯಯುಗದ ಕೋಟೆ ಎಂದುಕೊಂಡು ಹೋಗುತ್ತಾರೆ. ಶಂಕುಸ್ಥಾಪನೆ ಆದದ್ದು 1869ರಲ್ಲಿ. ಮೊದಲ ಕಲ್ಪನಾಚಿತ್ರಗಳನ್ನು ಬರೆದವನು ರಂಗಸಜ್ಜಿಕೆಯ ಕಲಾವಿದ ಕ್ರಿಸ್ಟಿಯಾನ್ ಯಾಂಕ್. ಅದನ್ನು ಕಟ್ಟಿಸುತ್ತಿದ್ದ ಬವೇರಿಯಾದ ದೊರೆ ಎರಡನೇ ಲುಡ್ವಿಗ್ 1886ರ ಜೂನ್ 13ರಂದು ತೀರಿಕೊಂಡಾಗ ಕಟ್ಟಡ ಅಪೂರ್ಣ, ಅದೇ ಆಗಸ್ಟ್‌ನಿಂದಲೇ ಟಿಕೆಟ್ ಇಟ್ಟು ಜನರಿಗೆ ತೆರೆದರು. ಸಿಂಹಾಸನದ ಸಭಾಂಗಣದಲ್ಲಿ ಸಿಂಹಾಸನವೇ ಇಲ್ಲ. 2025ರಲ್ಲಿ ಇದೂ ಲಿಂಡರ್‌ಹೋಫ್, ಷಾಹನ್, ಹೆರನ್‌ಕೀಮ್‌ಸೇ ಕೂಡ ಒಟ್ಟಿಗೆ ಯುನೆಸ್ಕೊ ಪಟ್ಟಿಗೆ ಸೇರಿದ ಮೇಲೆ ಬೇಡಿಕೆ ಇಳಿಯುವ ಮಾತಿಲ್ಲ.

ಟಿಕೆಟ್ ಆನ್‌ಲೈನ್‌ನಲ್ಲಿ ವಾರಗಳ ಮೊದಲೇ ತೆಗೆಯಿರಿ. ಅದರ ಮೇಲೆ ನಿಮಿಷ ಸಮೇತ ಪ್ರವೇಶದ ಹೊತ್ತು ಇರುತ್ತದೆ, ತಪ್ಪಿದರೆ ಟಿಕೆಟ್ ಹೋಯಿತು. ತಪ್ಪುವುದು ಯಾಕೆಂದರೆ ಕಾರು ನಿಲ್ಲಿಸುವುದು ಕೆಳಗೆ ಹೋಹೆನ್‌ಶ್ವಾಂಗೌ ಹಳ್ಳಿಯಲ್ಲಿ, ಕೋಟೆಗೆ ಅಲ್ಲಿಂದ ಏರುದಾರಿಯಲ್ಲಿ 30–40 ನಿಮಿಷದ ನಡಿಗೆ. ಬಸ್ಸಿಗೂ ಕುದುರೆ ಗಾಡಿಗೂ ಸಾಲು ಉದ್ದ, ಗಾಡಿ ಬಾಗಿಲವರೆಗೆ ಹೋಗುವುದೂ ಇಲ್ಲ. ಪಾರ್ಕಿಂಗ್ ತಲುಪುವುದಕ್ಕೂ ಪ್ರವೇಶಕ್ಕೂ ನಡುವೆ ಎರಡು ಗಂಟೆ ಬಿಡಿ. ಬಸ್ಸಿನಲ್ಲಿ ಮೇಲೆ ಹೋಗಿ, ಪೊಲಾಟ್ ಕಂದರದ ಮೇಲಿನ ಮಾರಿಯನ್ ಸೇತುವೆಯಿಂದ ಕೋಟೆ ನೋಡಿ, ಅಲ್ಲಿಂದ ಇಳಿಯುತ್ತ ಬಾಗಿಲಿಗೆ ಬರುವುದು ಕಾಲಿಗೆ ಸುಖ. ಒಳಗಿನ ಸುತ್ತು ಅರ್ಧ ಗಂಟೆಯದು, ಫೋಟೋ ನಿಷಿದ್ಧ, ದೊಡ್ಡ ಬ್ಯಾಗ್ ಬಿಡುವುದಿಲ್ಲ.

ಒಂದೇ ಒಳಾಂಗಣ ನೋಡುವಿರಾದರೆ ನನ್ನ ಆಯ್ಕೆ ಲಿಂಡರ್‌ಹೋಫ್. ಲುಡ್ವಿಗ್ ಬದುಕಿದ್ದಾಗ ಪೂರ್ತಿಯಾದ ಅರಮನೆ ಅದೊಂದೇ, ಕೋಣೆಗಳು ಅವನು ಬಳಸಿದ ಹಾಗೆ ಇವೆ. ವರ್ಷಗಟ್ಟಲೆ ದುರಸ್ತಿಯಲ್ಲಿದ್ದ ವೀನಸ್ ಗುಹೆಯೂ 2025ರಲ್ಲಿ ಮತ್ತೆ ತೆರೆದಿದೆ. ನಾಯ್‌ಶ್ವಾನ್‌ಸ್ಟೈನ್ ಹೊರಗಿನಿಂದಲೇ ಹೆಚ್ಚು ಕೊಡುತ್ತದೆ: ಸೇತುವೆಯಿಂದ ಒಮ್ಮೆ, ಶ್ವಾಂಗೌ ಬಯಲಿನ ಸಂತ ಕೊಲೊಮಾನ್ ಚರ್ಚಿನ ಬಳಿಯಿಂದ ಒಮ್ಮೆ.

ನಿಜವಾದ ಮಧ್ಯಯುಗದ ಕೋಟೆ ಬೇಕೆನ್ನುವವರಿಗೆ ದಾರಿಯಲ್ಲೇ ಇವೆ. ರಾಯ್ಟೆಯಲ್ಲಿ ಏರನ್‌ಬರ್ಗ್ ಪಾಳು ಕೋಟೆ, ಅದಕ್ಕೆ ಎದುರು ಗುಡ್ಡದಿಂದ 406 ಮೀ. ಉದ್ದದ ತೂಗುಸೇತುವೆ. ಎತ್ತರಕ್ಕೆ ತಲೆಸುತ್ತುವವರು ಹತ್ತುವುದು ಬೇಡ, ಕಾಲಡಿಯ ಜಾಲರಿಯಲ್ಲಿ 114 ಮೀ. ಕೆಳಗಿನ ರಸ್ತೆ ಕಾಣುತ್ತದೆ. ಷ್ಟೆರ್‌ಟ್ಸಿಂಗ್ ಪಕ್ಕ ರೈಫೆನ್‌ಷ್ಟೈನ್. ಬ್ರುನೆಕ್ ಕೋಟೆಯೊಳಗೆ ಪರ್ವತಾರೋಹಿ ರೈನ್‌ಹೋಲ್ಡ್ ಮೆಸ್ನರ್ ಸ್ಥಾಪಿಸಿದ ಬೆಟ್ಟದ ಜನರ ವಸ್ತುಸಂಗ್ರಹಾಲಯ, ಹಿಮಾಲಯದವರ ಬದುಕೂ ಅಲ್ಲಿದೆ. ಕೊನೆಗೆ ಸಾಲ್ಜ್‌ಬರ್ಗ್‌ನಿಂದ 40 ಕಿ.ಮೀ. ದಕ್ಷಿಣಕ್ಕೆ ಹೋಹೆನ್‌ವೆರ್ಫೆನ್. ಸಾಲ್ಜ್‌ಬರ್ಗ್‌ನ ಕೋಟೆಯಂತೆ ಇದರ ಆರಂಭವೂ 1077, ಆರ್ಚ್‌ಬಿಷಪ್ ಗೆಬ್‌ಹಾರ್ಡ್‌ನ ಕಾಲ. ಗಿಡುಗ ಹಾರಿಸುವ ಪ್ರದರ್ಶನದ ಹೊತ್ತು ನೋಡಿಕೊಂಡು ಹೋಗಿ.

ಎದುರು ಬೆಟ್ಟದ ಐಸ್‌ರೀಸೆನ್‌ವೆಲ್ಟ್ ಮಂಜುಗುಹೆಯನ್ನೂ ಅದೇ ದಿನ ಸೇರಿಸುವುದಾದರೆ ಗುಹೆ ಬೆಳಿಗ್ಗೆ, ಕೋಟೆ ಮಧ್ಯಾಹ್ನ. ಗುಹೆಯೊಳಗೆ ಹತ್ತಲು 700, ಇಳಿಯಲು 700 ಮೆಟ್ಟಿಲು, ಉಷ್ಣತೆ ಸೊನ್ನೆಯ ಹತ್ತಿರ. ಸ್ವೆಟರ್, ಕೈಗವಸು, ಹಿಡಿತವಿರುವ ಬೂಟು ಬೇಕು. ಮಂಡಿ ನೋವಿರುವವರು ಕೋಟೆಯಷ್ಟೇ ಮಾಡಿ.

ಬಸವನಗುಡಿ_ಇಬ್ಬರು:

ಎಲ್ಲರಿಗೂ ತುಂಬಾ ಧನ್ಯವಾದ. ವೆನಿಸ್ ತೆಗೆದೆವು, ವೀಸಾ ಆಸ್ಟ್ರಿಯಕ್ಕೆ ಹಾಕುತ್ತೇವೆ. ಇನ್ನು ಮೂರು ಸಂಶಯ. ಹಾಲ್‌ಷ್ಟಾಟ್ ಪೂರ್ತಿ ಬಿಡಬೇಕೇ? ಊಟಕ್ಕೆ ಏನು ಮಾಡುವುದು? ಗ್ಲಾಕ್ನರ್ ರಸ್ತೆಯಲ್ಲಿ ಸೆಪ್ಟೆಂಬರ್‌ನಲ್ಲೇ ಹಿಮ ಬಿದ್ದರೆ?

ಇಸಾರ್_ದಂಡೆ:

ಹಾಲ್‌ಷ್ಟಾಟ್ ಬೇಕೇ ಬೇಕೆಂದರೆ ಸಾಲ್ಜ್‌ಬರ್ಗ್‌ನಿಂದ ಅರ್ಧ ದಿನ, ಸುಮಾರು 75 ಕಿ.ಮೀ. ಊರಿನ ಜನಸಂಖ್ಯೆ 750ರ ಆಸುಪಾಸು, ಹಗಲಲ್ಲಿ ಬರುವ ಬಸ್ಸುಗಳೇ ಅದನ್ನು ಮುಳುಗಿಸುತ್ತವೆ. ಬೆಳಿಗ್ಗೆ 8ಕ್ಕೆ ತಲುಪಿ 10ಕ್ಕೆ ಬಿಡಿ, ಇಲ್ಲವೇ ಸಂಜೆ 5ರ ನಂತರ ಹೋಗಿ. ಪಾರ್ಕಿಂಗ್ ಭರ್ತಿ ಎಂಬ ಫಲಕ ಕಂಡರೆ ಸುತ್ತು ಹೊಡೆಯಬೇಡಿ, ಓಬರ್‌ಟ್ರೌನ್‌ನಲ್ಲಿ ನಿಲ್ಲಿಸಿ ಬಸ್ ಹಿಡಿಯಿರಿ. ಅದಕ್ಕೂ ಹೋಹೆನ್‌ವೆರ್ಫೆನ್‌ಗೂ ನಡುವೆ ಒಂದನ್ನೇ ಆರಿಸಬೇಕಾದರೆ ನಿಮ್ಮ ಅಭಿರುಚಿಗೆ ವೆರ್ಫೆನ್. ಸಾಲ್ಜ್‌ಬರ್ಗ್ ಊರಿಗೂ ಹೊತ್ತು ಉಳಿಸಿಕೊಳ್ಳಿ, ಬೆಳಿಗ್ಗೆ ಅಂಗಡಿ ತೆರೆಯುವ ಮೊದಲು ಗೆಟ್ರೈಡೆ ಬೀದಿ ನಿಮ್ಮದೇ. ಕಾರು ಮೋಂಕ್ಸ್‌ಬರ್ಗ್ ಬಂಡೆಯೊಳಗಿನ ಗ್ಯಾರೇಜ್‌ನಲ್ಲಿರಲಿ.

ಮೊಸರನ್ನ_ಸ್ಟುಟ್‌ಗಾರ್ಟ್ ಉತ್ತರ:

ಊಟಕ್ಕೆ ಕಷ್ಟವಿಲ್ಲ, ಹೊತ್ತು ಗೊತ್ತಿರಬೇಕು ಅಷ್ಟೇ. ಹಳ್ಳಿಯ ಹೋಟೆಲ್‌ಗಳ ಅಡುಗೆಮನೆ ಮಧ್ಯಾಹ್ನ 2ಕ್ಕೆ ಮುಚ್ಚಿ ಸಂಜೆ 5:30–6ಕ್ಕೆ ತೆರೆಯುತ್ತದೆ, ರಾತ್ರಿ 8:30ರ ನಂತರ ಬಿಸಿ ಊಟ ಸಿಗುವ ಭರವಸೆಯಿಲ್ಲ. ವಾರಕ್ಕೊಂದೆರಡು ದಿನ ರಜೆ, ಹೆಚ್ಚಾಗಿ ಸೋಮವಾರ ಅಥವಾ ಮಂಗಳವಾರ. ಜರ್ಮನಿ, ಆಸ್ಟ್ರಿಯದಲ್ಲಿ ಭಾನುವಾರ ಸೂಪರ್ ಮಾರ್ಕೆಟ್ ಮುಚ್ಚಿರುತ್ತದೆ, ಶನಿವಾರವೇ ಕೊಳ್ಳಿ.

ಕೇಳಬೇಕಾದ್ದು: ಕೇಸೆಶ್ಪೆಟ್ಸ್‌ಲೆ (ಮೊಟ್ಟೆ ಹಿಟ್ಟಿನ ಶ್ಯಾವಿಗೆಯಂಥದ್ದು, ಚೀಸ್ ಹಾಕಿದ್ದು), ಪಾಲಕ್ ಕ್ನೋಡಲ್ (ಬ್ರೆಡ್ಡಿನ ಉಂಡೆ), ಬ್ರಿಕ್ಸನ್ ಇರುವ ಇಟಲಿಯ ಪ್ರಾಂತ್ಯವಾದ ದಕ್ಷಿಣ ಟಿರೋಲ್‌ನಲ್ಲಿ ಪಾಲಕ್ ತುಂಬಿದ ಷ್ಲುಟ್ಸ್‌ಕ್ರಾಪ್‌ಫನ್ (ಕಡುಬಿನಂಥದ್ದು), ಸಿಹಿಗೆ ಕೈಸರ್‌ಶ್ಮಾರನ್ (ಚೂರು ಮಾಡಿದ ದಪ್ಪ ಪ್ಯಾನ್‌ಕೇಕ್). ಜಾಗ್ರತೆ ಬೇಕಾದ್ದು: ಕ್ನೋಡಲ್ ಎಂದಷ್ಟೇ ಬರೆದಿದ್ದರೆ ಒಳಗೆ ಷ್ಪೆಕ್ (ಹೊಗೆಯಾಡಿಸಿದ ಹಂದಿ ಮಾಂಸ) ಇರಬಹುದು, ಹುರಿದ ಆಲೂಗಡ್ಡೆಗೂ ಅದನ್ನು ಹಾಕುತ್ತಾರೆ. ತರಕಾರಿ ಸೂಪಿನ ರಸ ಮಾಂಸದ ಮೂಳೆಯದಾಗಿರಬಹುದು. ‘ಓನೆ ಫ್ಲೈಷ್, ಓನೆ ಷ್ಪೆಕ್, ಓನೆ ಫ್ಲೈಷ್‌ಬ್ರ್ಯೂಎ’ ಎಂದರೆ ಮಾಂಸ, ಷ್ಪೆಕ್, ಮಾಂಸದ ರಸ ಮೂರೂ ಬೇಡವೆಂದು ಅರ್ಥವಾಗುತ್ತದೆ.

ಎರಡು ರಾತ್ರಿ ಇರುವ ಕಡೆ ಅಡುಗೆಮನೆಯಿರುವ ಕೋಣೆ ಹಿಡಿಯಿರಿ. ಅಕ್ಕಿ, 3.5 ಶೇಕಡ ಕೊಬ್ಬಿನ ಸಾದಾ ಯೋಗರ್ಟ್ ಎಲ್ಲ ಕಡೆ ಸಿಗುತ್ತದೆ. ಮನೆಯಿಂದ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಅವಲಕ್ಕಿ ತನ್ನಿ. ತುಪ್ಪ, ಪೇಡೆ, ಖೋವಾ ಸಿಹಿ ಬೇಡ, ಐರೋಪ್ಯ ಒಕ್ಕೂಟದೊಳಗೆ ಹೊರಗಿನ ಹಾಲಿನ ಪದಾರ್ಥ ತರುವಂತಿಲ್ಲ. ಹಸಿ ಕರಿಬೇವಿಗೂ ಸಸ್ಯ ಆರೋಗ್ಯ ಪ್ರಮಾಣಪತ್ರ ಕೇಳುತ್ತಾರೆ.

ಬ್ರಿಕ್ಸನ್‌ನಲ್ಲಿ ಕೋಣೆ ಹಿಡಿಯುವಾಗ ‘ಸ್ಯುಡ್‌ಟಿರೋಲ್ ಗೆಸ್ಟ್ ಪಾಸ್’ ಕೊಡುತ್ತಾರೆಯೇ ಕೇಳಿ. ಕೊಟ್ಟರೆ ಆ ಪ್ರಾಂತ್ಯದ ಬಸ್, ಲೋಕಲ್ ರೈಲು ಪುಕ್ಕಟೆ, ಡಾಲಮೈಟ್ಸ್ ದಿನ ಕಾರಿಗೂ ವಿಶ್ರಾಂತಿ.

ಎರಡನೇ_ಗೇರ್:

ಗ್ಲಾಕ್ನರ್ ಬಗ್ಗೆ. 1935ರಲ್ಲಿ ತೆರೆದ ಈ ರಸ್ತೆ 48 ಕಿ.ಮೀ., 36 ಹೇರ್‌ಪಿನ್, ಹೋಹ್‌ಟೋರ್ ಬಳಿ 2,504 ಮೀ. ಎತ್ತರ. ಮೇ ಆರಂಭದಿಂದ ನವೆಂಬರ್ ಆರಂಭದವರೆಗೆ ತೆರೆದಿರುತ್ತದೆ, ರಾತ್ರಿ ಮುಚ್ಚುತ್ತಾರೆ. ಒಂದು ದಿನಕ್ಕೆ ಕಾರಿಗೆ ಸುಮಾರು 45 ಯೂರೋ. ದುಬಾರಿಯೇ, ಆದ್ದರಿಂದ ಮೋಡ ಕವಿದ ದಿನ ಆ ದುಡ್ಡು ಹಾಕಬೇಡಿ. ಬೆಳಿಗ್ಗೆ ಎದ್ದು ವೆಬ್‌ಕ್ಯಾಮ್ ನೋಡಿ ತೀರ್ಮಾನಿಸಿ, ಹೈಲಿಗೆನ್‌ಬ್ಲುಟ್‌ನಲ್ಲಿ ತಂಗುವ ಲಾಭ ಅದೇ. ಸೆಪ್ಟೆಂಬರ್‌ನಲ್ಲಿ ಮೇಲೆ ಹಿಮ ಬೀಳುವುದುಂಟು, ಬಾಡಿಗೆ ಕಾರಿಗೆ ಆಗ ಬೇಸಿಗೆ ಟೈರ್ ಇರುತ್ತದೆ. ರಸ್ತೆ ಬಿಳಿಯಾಗಿದ್ದರೆ ಹೋಗಲೇಬೇಡಿ. ಪರ್ಯಾಯ: ಇಸೆಲ್ಸ್‌ಬರ್ಗ್ ಮೂಲಕ ಲೀನ್ಸ್‌ಗೆ ಹಿಂತಿರುಗಿ, ಅಲ್ಲಿಂದ ಮಾಟ್ರೈ ದಾರಿಯ ಫೆಲ್‌ಬರ್‌ಟೌರ್ನ್ ಸುರಂಗ. ಐದು ಕಿ.ಮೀ.ಗೂ ಉದ್ದ, ವರ್ಷವಿಡೀ ತೆರೆದಿರುತ್ತದೆ, ಟೋಲ್ ಬೇರೆ. ಮಿಟರ್‌ಸಿಲ್‌ನಲ್ಲಿ ಇಳಿದು ಝೆಲ್ ಆಮ್ ಝೇ ಕಡೆ ತಿರುಗಿದರೆ ಅದೇ ದಿನ ಸಾಲ್ಜ್‌ಬರ್ಗ್ ಸೇರುತ್ತೀರಿ.

ಹವೆ ಚೆನ್ನಾಗಿದ್ದರೆ 8ರೊಳಗೆ ಗೇಟ್ ದಾಟಿ ಮೊದಲು ಕೈಸರ್ ಫ್ರಾನ್ಸ್ ಯೋಸೆಫ್ ದಿಬ್ಬದ ಕವಲಿಗೆ ಹೋಗಿ. ಪಾಸ್ಟರ್ಸೆ ಹಿಮನದಿ, 3,798 ಮೀ. ಎತ್ತರದ ಗ್ಲಾಕ್ನರ್ ಶಿಖರ ಎರಡೂ ಎದುರಿಗೆ. ಮಧ್ಯಾಹ್ನಕ್ಕೆ ಅಲ್ಲಿ ಪಾರ್ಕಿಂಗ್ ತುಂಬುತ್ತದೆ, ಮೋಡವೂ ಏರುತ್ತದೆ. ಆಮೇಲೆ ಹೋಹ್‌ಟೋರ್ ದಾಟಿ ಎಡೆಲ್‌ವೈಸ್ ತುದಿ (2,571 ಮೀ.). ಅದರ ಕೊನೆಯ ಎರಡು ಕಿ.ಮೀ. ಕಲ್ಲುಹಾಸಿನ ಕಿರಿದಾರಿ. ನಿಂತು ನೋಡಿಕೊಂಡು ಫೆರ್ಲೈಟನ್ ಇಳಿಯಲು ಒಟ್ಟು ಐದು ಗಂಟೆ ಇಟ್ಟುಕೊಳ್ಳಿ.

ಏರುವುದು ಯಾವ ಕಾರಿಗೂ ತೊಂದರೆಯಲ್ಲ, ಕಾರು ಕೆಡುವುದು ಇಳಿಯುವಾಗ. ಆಗುಂಬೆಯಲ್ಲಿ 14 ತಿರುವಿಗೆ ಇಳಿಜಾರು ಮುಗಿಯುತ್ತದೆ, ಇಲ್ಲಿ 12 ಶೇಕಡದವರೆಗಿನ ಇಳಿಜಾರು ಹತ್ತಕ್ಕೂ ಹೆಚ್ಚು ಕಿ.ಮೀ. ಬಿಡುವುದಿಲ್ಲ. ಆಟೋಮ್ಯಾಟಿಕ್‌ನಲ್ಲಿ ಡಿ ಇಟ್ಟು ಬ್ರೇಕ್ ಒತ್ತುತ್ತಲೇ ಬಂದರೆ ಡಿಸ್ಕ್ ಕಾದು, ಪೆಡಲ್ ಮೆತ್ತಗಾಗಿ ಹಿಡಿತ ಹೋಗುತ್ತದೆ. ಎಂ ಅಥವಾ ಎಲ್‌ಗೆ, ಹೈಬ್ರಿಡ್ ಆದರೆ ಬಿ ಸ್ಥಾನಕ್ಕೆ ಹಾಕಿ ಎರಡನೇ ಗೇರ್‌ನಲ್ಲಿ ಇಳಿಸಿ. ತಿರುವಿನ ಮೊದಲು ಒಮ್ಮೆ ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡಿ. ಸುಟ್ಟ ವಾಸನೆ ಬಂದರೆ ನಿಲ್ದಾಣದಲ್ಲಿ ಸಮತಟ್ಟು ಜಾಗಕ್ಕೆ ಹಾಕಿ ಅರ್ಧ ಗಂಟೆ ಆರಲು ಬಿಡಿ. ನೀರು ಸುರಿಯಬೇಡಿ, ಡಿಸ್ಕ್ ಸೊಟ್ಟಗಾಗುತ್ತದೆ. ಝಿರ್ಲರ್‌ಬರ್ಗ್‌ಗೂ ಇದೇ ಕ್ರಮ, ಅಲ್ಲಿ ಉದ್ದ ಕಡಿಮೆ, ಇಳಿಜಾರು 16 ಶೇಕಡ.

ಇಕ್ಕಟ್ಟಾದ ಬೆಟ್ಟದ ರಸ್ತೆಯಲ್ಲಿ ಎದುರಿಗೆ ಬಸ್ಸು ಬರಬಹುದು. ಬಸ್ಸಿನ ಚಾಲಕ ಹಿಂದೆ ಸರಿಯಲು ಸನ್ನೆ ಮಾಡಿದರೆ ಸರಿಯಿರಿ. ಪೆಟ್ರೋಲನ್ನು ಲೀನ್ಸ್‌ನಲ್ಲೇ ತುಂಬಿಸಿಕೊಳ್ಳಿ, ಪಂಪಿನ ಕಪ್ಪು ಹಿಡಿ ಡೀಸೆಲ್. ಬಾಡಿಗೆ ಕಾರಿನ ಇಂಧನ ಮುಚ್ಚಳದ ಒಳಗೆ ಯಾವುದೆಂದು ಬರೆದಿರುತ್ತದೆ, ನಳಿಕೆ ಎತ್ತುವ ಮುನ್ನ ಓದಿ.